ಇಬ್ಬರೇ, 34 ಅಡಿ ಹಾಯಿದೋಣಿ, ಗೋವಾದಿಂದ ಸೆಷೆಲ್ಸ್: ತಯಾರಿ ಸಾಕಾ?

ಮಲಪ್ರಭಾ ದೋಣಿ
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಇವರು ಹಾವೇರಿ ಕಡೆಯವರು, ಗೋವಾಕ್ಕೆ ಬಂದು ಹದಿನೆಂಟು ವರ್ಷ ಆಯ್ತು. ನಮ್ಮದು 34 ಅಡಿಯ ಫೈಬರ್ ಹಾಯಿದೋಣಿ. 1994ರಲ್ಲಿ ಕಟ್ಟಿದ್ದು, ನಾವು ಕೊಂಡಿದ್ದು 2021ರಲ್ಲಿ. ಹೆಸರು ಮಲಪ್ರಭಾ. ವೆರೆಂ ಹತ್ತಿರ ಮಾಂಡೋವಿ ನದಿಯಲ್ಲಿ ಕಟ್ಟಿ ನಿಲ್ಲಿಸಿದ್ದೇವೆ. ಇಷ್ಟು ವರ್ಷ ಕಾರವಾರ, ರತ್ನಾಗಿರಿ, ಒಮ್ಮೆ ಕೊಚ್ಚಿ, ಇಷ್ಟೇ ಓಡಾಟ. ಈಗ ಜನವರಿ ಎರಡನೇ ವಾರ ಹೊರಡಬೇಕು ಅಂತಿದ್ದೇವೆ. ಮೊದಲು ಮಾಲ್ಡೀವ್ಸ್‌ನ ಉತ್ತರ ತುದಿಯ ಉಲಿಗಂ, ಸುಮಾರು 510 ನಾಟಿಕಲ್ ಮೈಲಿ. ಅಲ್ಲಿಂದ ದ್ವೀಪಗಳ ಪಕ್ಕದಲ್ಲೇ ದಕ್ಷಿಣಕ್ಕೆ ಗಾನ್, 470. ಆಮೇಲೆ ಸೀದಾ ಪಶ್ಚಿಮಕ್ಕೆ ಸೆಷೆಲ್ಸ್‌ನ ಮಾಹೆ, 1,080, ನಮ್ಮ ಲೆಕ್ಕದಲ್ಲಿ ಹನ್ನೊಂದು ದಿನ. ಈ ಕೊನೆಯದೇ ನಮಗೆ ಭಯ, ನಡುವೆ ಏನೂ ಇಲ್ಲ.

ಕೇಳಬೇಕಾಗಿದ್ದು ಮೂರು. ನೀರು ಎಷ್ಟು ಒಯ್ಯಬೇಕು? ಮಾಸ್ಟ್, ಅಂದರೆ ಹಾಯಿಕಂಬ, ಹಿಡಿದಿರುವ ತಂತಿಗಳಿಗೆ ಎಷ್ಟು ವಯಸ್ಸಾಗಿದೆ ಅಂತ ನಮಗೆ ಗೊತ್ತಿಲ್ಲ, ನೋಡೋಕೆ ಚೆನ್ನಾಗಿವೆ, ಬದಲಾಯಿಸಬೇಕಾ? ಇಬ್ಬರೇ ಇರುವಾಗ ನಿದ್ದೆ ಹೇಗೆ ಹಂಚಿಕೊಳ್ತೀರಿ? ಇವರು ಎಲ್ಲ ಆಗುತ್ತೆ ಬಿಡು ಅಂತಾರೆ. ಅದಕ್ಕೇ ಇಲ್ಲಿ ಕೇಳ್ತಿದ್ದೇನೆ.

ಖಾನಾಪುರ ಕಾಡು
ಮಾಂಡೋವಿ ಅಂದರೆ ನಮ್ಮ ಮಹದಾಯಿ. ಅದರ ನೀರು ಮಲಪ್ರಭೆಗೆ ಸೇರಲಿ ಅಂತ ಎರಡು ರಾಜ್ಯ ಟ್ರಿಬ್ಯೂನಲ್ ತನಕ ಹೋದವು, 2018ರಲ್ಲಿ ತೀರ್ಪು ಬಂದರೂ ಜಗಳ ಮುಗಿದಿಲ್ಲ. ನೀವು ನೋಡಿದರೆ ಮಲಪ್ರಭೆಯನ್ನೇ ತಂದು ಮಾಂಡೋವಿಯಲ್ಲಿ ಕಟ್ಟಿದ್ದೀರಿ. ಗೋವಾದವರು ಯಾರೂ ಹೆಸರಿನ ಬಗ್ಗೆ ಕೇಳಲಿಲ್ವಾ?

ಮಲಪ್ರಭಾ ದೋಣಿ
ಕೇಳಿದರು. ನಮ್ಮ ಅಜ್ಜಿ ಹೆಸರು ಅಂತ ಹೇಳಿದ್ದೇವೆ.

ಹಳೇ ಬೋಸನ್
ತಂಗಿ, ನಾನು ವಾಸ್ಕೋದಲ್ಲಿದ್ದೇನೆ, ಮೂವತ್ತು ವರ್ಷ ಹಡಗಿನಲ್ಲಿ ದುಡಿದು ಈಗ ಮನೆಯಲ್ಲಿ ಕೂತಿದ್ದೇನೆ. ನಿನ್ನ ಮೂರು ಪ್ರಶ್ನೆಗೆ ಬೇರೆಯವರು ಉತ್ತರ ಕೊಡ್ತಾರೆ. ನೀನು ಕೇಳದ ಒಂದನ್ನ ನಾನು ಹೇಳ್ತೇನೆ. ಗಾಳಿ.

ಜನವರಿಯಲ್ಲಿ ಗೋವಾದಿಂದ ಉಲಿಗಂ ತನಕ ಚಿಂತೆ ಇಲ್ಲ. ದಡದ ಹತ್ತಿರ ಮಧ್ಯಾಹ್ನ ವಾಯವ್ಯದ ಗಾಳಿ, ರಾತ್ರಿ ನೆಲದ ಕಡೆಯಿಂದ ಸಣ್ಣ ಗಾಳಿ, ಹೊರಗೆ ಹೋದರೆ ಈಶಾನ್ಯ. ಎಲ್ಲ ಬೆನ್ನಿಗೆ, ಇಲ್ಲಾಂದರೆ ಪಕ್ಕಕ್ಕೆ. ಕೇರಳದ ಪೊನ್ನಾನಿ ಎದುರು ಮಾತ್ರ ಎಚ್ಚರ, ಪಾಲ್ಘಾಟ್ ಕಣಿವೆಯಿಂದ ಪೂರ್ವದ ಗಾಳಿ ಒಮ್ಮೆಲೇ ಜೋರಾಗಿ ಬರುತ್ತೆ. ಆದರೆ ಗಾನ್ ಇರೋದು ಭೂಮಧ್ಯ ರೇಖೆಯ ಕೆಳಗೆ. ಡಿಸೆಂಬರ್‌ನಿಂದ ಮಾರ್ಚ್ ತನಕ ಅಲ್ಲಿ ಗಾಳಿ ಪಶ್ಚಿಮ, ವಾಯವ್ಯದಿಂದ ಬರುತ್ತೆ. ನೀವು ಹೋಗಬೇಕಾಗಿರೋದೂ ಪಶ್ಚಿಮಕ್ಕೇ. ಮೂತಿಗೆ ಹೊಡೆಸಿಕೊಂಡು 1,080 ಮೈಲಿ, ಅದೂ ಮಧ್ಯೆ ಮಧ್ಯೆ ಗಾಳಿ ಸತ್ತು ಮಳೆ ಸುರಿಯುವ ಜಾಗ. ನಿಮ್ಮ ಹನ್ನೊಂದು ದಿನ ಇಪ್ಪತ್ತು ದಾಟುತ್ತೆ.

ಇದಕ್ಕೆ ಎರಡು ದಾರಿ. ಒಂದು, ಭೂಮಧ್ಯ ರೇಖೆಯ ಉತ್ತರಕ್ಕೇ ಇದ್ದು ಈಶಾನ್ಯ ಗಾಳಿಯಲ್ಲಿ ಪಶ್ಚಿಮಕ್ಕೆ ಓಡಿ, ಆಮೇಲೆ ಕೆಳಗೆ ಇಳಿಯೋದು. ಎರಡು, ಮಾಲ್ಡೀವ್ಸ್‌ನಲ್ಲಿ ನಿಧಾನ ಮಾಡಿ ಮೇ ಹೊತ್ತಿಗೆ ಆಗ್ನೇಯ ಗಾಳಿ ಹಿಡಿದ ಮೇಲೆ ಗಾನ್ ಬಿಡೋದು. ನಾನಾದರೆ ಎರಡನೇದು.

ಮಜಗಾಂವ್ ಮಾವ
ಬೋಸನ್ ಸರ್ ಹೇಳಿದ ಮೊದಲನೇ ದಾರಿ ಬೇಡವೇ ಬೇಡ ಅಕ್ಕ. ಅದು ನಿಮ್ಮನ್ನ ಸೊಮಾಲಿಯಾ ಕಡೆಗೆ ಒಯ್ಯುತ್ತೆ. ಕಡಲ್ಗಳ್ಳರ ಕಥೆ ಮುಗೀತು ಅಂತ ಜನ ಅಂದುಕೊಂಡಿದ್ದರು, 2023ರ ಡಿಸೆಂಬರ್‌ನಲ್ಲಿ ರುಯೆನ್ ಅನ್ನೋ ಹಡಗನ್ನೇ ಎತ್ತಿಕೊಂಡು ಹೋದರು, ನಮ್ಮ ನೌಕಾಪಡೆ ಮುಂದಿನ ಮಾರ್ಚ್‌ನಲ್ಲಿ ಬಿಡಿಸಿತು. 2009ರಲ್ಲಿ ಸೆಷೆಲ್ಸ್ ಬಿಟ್ಟು ಹೊರಟ ಬ್ರಿಟಿಷ್ ಗಂಡ ಹೆಂಡತಿ, ನಿಮ್ಮ ಹಾಗೇ ಇಬ್ಬರೇ, ಒಂದು ವರ್ಷಕ್ಕೂ ಜಾಸ್ತಿ ಅವರ ಕೈಯಲ್ಲಿದ್ದರು. ಪೂರ್ವಕ್ಕೇ ಇರಿ, ಮೇ ತನಕ ಕಾಯಿರಿ.

ರಿಗ್ಗಿಂಗ್ ಹುಚ್ಚ
ತಂತಿ ವಿಷಯ. ಸ್ಟೇನ್‌ಲೆಸ್ ತಂತಿಗೆ ಹತ್ತು ಹನ್ನೆರಡು ವರ್ಷ ಅಂತ ಎಲ್ಲರೂ ಹಿಡಿಯೋ ಲೆಕ್ಕ. ವಯಸ್ಸು ಗೊತ್ತಿಲ್ಲ ಅಂದರೆ ಹಳೇದು ಅಂತಲೇ ತಿಳಿಯಿರಿ, ಬದಲಾಯಿಸಿ. ನೋಡೋಕೆ ಚೆನ್ನಾಗಿದೆ ಅನ್ನೋ ಮಾತೇ ಮೋಸ. ತಂತಿ ಕಾಣೋ ಕಡೆ ಕೆಡಲ್ಲ, ತುದಿಯ ಫಿಟ್ಟಿಂಗ್ ಒಳಗೆ ಒಂದೊಂದೇ ಎಳೆ ಕಡಿಯುತ್ತೆ. ಹತ್ತಿ ಬಟ್ಟೆಯಿಂದ ಸವರಿ, ಎಲ್ಲಾದರೂ ದಾರ ಸಿಕ್ಕಿಕೊಂಡರೆ ಎಳೆ ಹರಿದಿದೆ ಅಂತ ಅರ್ಥ. ಬರಿಗೈಯಲ್ಲಿ ಸವರಬೇಡಿ, ನಾನು ಸವರಿ ಬುದ್ಧಿ ಕಲಿತಿದ್ದೇನೆ.

ತಂತಿಗಿಂತ ಮುಖ್ಯ ಇನ್ನೊಂದು. ಆ ತಂತಿಗಳು ಬಂದು ಕೂರುವ ಸ್ಟೀಲ್ ಪಟ್ಟಿ ಇದೆಯಲ್ಲ, ಚೈನ್‌ಪ್ಲೇಟ್, ಅದನ್ನ ಬಿಚ್ಚಿ ನೋಡಿದ್ದೀರಾ? ಡೆಕ್ ದಾಟಿ ಒಳಗೆ ಇಳಿಯುವ ಜಾಗದಲ್ಲಿ ಅದು ಕಾಣಲ್ಲ. ಸ್ಟೇನ್‌ಲೆಸ್ ತುಕ್ಕು ಹಿಡಿಯದೇ ಇರೋದು ಗಾಳಿ ಸಿಕ್ಕರೆ ಮಾತ್ರ. ಉಪ್ಪುನೀರು ನಿಂತು ಗಾಳಿ ಆಡದ ಸಂದಿಯಲ್ಲಿ ಒಳಗೊಳಗೇ ತಿಂದು ಹಾಕುತ್ತೆ. ಒಳಗಿನ ಮರದ ಮೇಲೆ ಚಹಾ ಬಣ್ಣದ ಕಲೆ ಇದೆಯಾ ನೋಡಿ. ಇದ್ದರೆ ನಾಳೆನೇ ಬಿಚ್ಚಿ.

ಇವರು
ನಾನು ಮಲಪ್ರಭಾ ದೋಣಿಯವರ ಗಂಡ, ಹೊಸ ಖಾತೆ. ಚೈನ್‌ಪ್ಲೇಟ್ ಕೊಳ್ಳುವಾಗಲೇ ಸರ್ವೇಯರ್ ಒಬ್ಬರು ನೋಡಿ ಓಕೆ ಅಂದಿದ್ದಾರೆ, ವರದಿ ಇದೆ. ಕಲೆ ಇದೆ ನಿಜ, ಅದು ಹಳೇದು. ಉಳಿದ ಹಾಗೆ ಎಂಜಿನ್, ಹಾಯಿ, ಆಟೋಪೈಲಟ್ ಎಲ್ಲ ನಾನೇ ನೋಡಿಕೊಳ್ತೇನೆ. ಇವಳು ರೇಡಿಯೋ, ಅಡುಗೆ, ಕಾಗದಪತ್ರ.

ರಿಗ್ಗಿಂಗ್ ಹುಚ್ಚ
ಕಲೆ ಹಳೇದಾದರೆ ತುಕ್ಕೂ ಹಳೇದು ಸರ್. ಆ ವರದಿಯಲ್ಲಿ "ಬಿಚ್ಚಿ ನೋಡಿದೆ" ಅಂತ ಇದೆಯಾ, ಬರೀ "ನೋಡಿದೆ" ಅಂತ ಇದೆಯಾ?

ಪುಣೆ ಖಡಕ್ ರೊಟ್ಟಿ
ಅಕ್ಕ, ನಾವು ಪುಣೆಯಲ್ಲಿದ್ದೇವೆ, ಮೂಲ ವಿಜಯಪುರ. ನಮ್ಮ ಭಾವನವರ ದೋಣಿಯಲ್ಲಿ ಮುಂಬೈಯಿಂದ ಕೊಚ್ಚಿಗೆ ಎರಡು ಸಲ ಹೋಗಿದ್ದೇನೆ, ಎರಡೂ ಸಲ ಅಡುಗೆ ನನ್ನದೇ, ಅದಕ್ಕೇ ನೀರಿನ ಲೆಕ್ಕ ನನಗೆ ಬಾಯಿಪಾಠ. ಕುಡಿಯೋಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್. ಹನ್ನೊಂದು ದಿನದ ದಾರಿಗೆ ಇಪ್ಪತ್ತೆರಡು ದಿನದ್ದು ಇಟ್ಟುಕೊಳ್ಳಿ. ಇಬ್ಬರಿಗೆ 176 ಲೀಟರ್. ನಿಮ್ಮದು ಒಂದೇ ಟ್ಯಾಂಕಾ? ಹಾಗಿದ್ದರೆ ಅರ್ಧ ಕ್ಯಾನ್‌ಗಳಲ್ಲಿ ಇಡಿ. ಟ್ಯಾಂಕ್ ಬಿರುಕು ಬಿಟ್ಟರೂ, ಉಪ್ಪುನೀರು ಸೇರಿದರೂ ಅರ್ಧ ಉಳಿಯುತ್ತೆ. ಪಾತ್ರೆ ತೊಳೆಯೋದು ಸಮುದ್ರದ ನೀರಲ್ಲೇ. ಅನ್ನಕ್ಕೆ ಮೂರು ಪಾಲು ಸಿಹಿನೀರಿಗೆ ಒಂದು ಪಾಲು ಸಮುದ್ರದ ನೀರು, ಉಪ್ಪು ಹಾಕೋದೇ ಬೇಡ.

ಊಟಕ್ಕೆ ನಮ್ಮ ಕಡೆಯವರಷ್ಟು ಅದೃಷ್ಟವಂತರು ಯಾರೂ ಇಲ್ಲ. ಖಡಕ್ ಜೋಳದ ರೊಟ್ಟಿ ಗಾಳಿಯಾಡದ ಡಬ್ಬಿಯಲ್ಲಿ ಎರಡು ತಿಂಗಳು ಏನೂ ಆಗಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮಾದಲಿ. ಗ್ಯಾಸ್ ಹಚ್ಚದೇ ಊಟ ಆಗುತ್ತೆ, ದೋಣಿ ಹೊಯ್ದಾಡುವಾಗ ಬಿಸಿ ಎಣ್ಣೆ ಮುಂದೆ ನಿಲ್ಲೋ ಗೋಳಿಲ್ಲ. ರವೆ ಹುರಿದೇ ಒಯ್ಯಿರಿ, ಇಲ್ಲಾಂದರೆ ಹುಳ. ಈರುಳ್ಳಿ ಆಲೂಗಡ್ಡೆ ಒಂದೇ ಚೀಲದಲ್ಲಿ ಬೇಡ. ರಟ್ಟಿನ ಪೆಟ್ಟಿಗೆ ದೋಣಿಗೆ ಹತ್ತಿಸಲೇಬೇಡಿ, ಅದರ ಮಡಿಕೆಯಲ್ಲಿ ಜಿರಲೆ ಮೊಟ್ಟೆ ಬರುತ್ತೆ. ವಾಂತಿ ಮಾತ್ರೆ ದಡದಲ್ಲೇ ಒಮ್ಮೆ ತಿಂದು ನೋಡಿ, ಕೆಲವರಿಗೆ ಎಷ್ಟು ನಿದ್ದೆ ಬರುತ್ತೆ ಅಂದರೆ ಪಹರೆಗೆ ಕೂರೋಕೇ ಆಗಲ್ಲ.

ಬೆಂಗಳೂರು ಸಿಗ್ನಲ್
ಈಪರ್ಬ್, ಅಂದರೆ ಅಪಾಯದಲ್ಲಿ ಉಪಗ್ರಹಕ್ಕೆ ಸಿಗ್ನಲ್ ಕಳಿಸೋ ಯಂತ್ರ, ಇದೆಯಾ? ಎಲ್ಲಿ ನೋಂದಾಯಿಸಿದ್ದೀರಿ? ಯಾಕೆ ಕೇಳ್ತಿದ್ದೇನೆ ಅಂದರೆ, ಸೆಕೆಂಡ್‌ಹ್ಯಾಂಡ್ ದೋಣಿ ಜೊತೆ ಬಂದ ಯಂತ್ರ ಹಳೇ ಮಾಲೀಕರ ಹೆಸರಲ್ಲೋ, ಬೇರೆ ದೇಶದ ಕೋಡ್‌ನಲ್ಲೋ ಇರುತ್ತೆ. ನೀವು ನಡುಕಡಲಲ್ಲಿ ಗುಂಡಿ ಒತ್ತಿದರೆ ಅಲ್ಲೆಲ್ಲೋ ಯಾರದೋ ಮನೆಗೆ ಫೋನ್ ಹೋಗುತ್ತೆ. 406 ಮೆಗಾಹರ್ಟ್ಸ್ ಸಿಗ್ನಲ್ ಉಪಗ್ರಹದಿಂದ ಬಂದು ಇಳಿಯೋದು ನಮ್ಮ ಬೆಂಗಳೂರಲ್ಲೇ, ಇಸ್ರೋದ ಇಸ್ಟ್ರ್ಯಾಕ್‌ನಲ್ಲಿ. ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ. ನೋಂದಣಿಯೂ ಅಲ್ಲೇ. ಬ್ಯಾಟರಿಯ ತಾರೀಖು ನೋಡಿ.

ಇನ್ನೊಂದು, ಸ್ಯಾಟಲೈಟ್ ಫೋನ್ ಅಥವಾ ಇನ್‌ರೀಚ್ ಥರದ್ದು ಯಾರಾದರೂ ವಿದೇಶದಿಂದ ತಂದುಕೊಡ್ತೇನೆ ಅಂದರೆ ಬೇಡ ಅನ್ನಿ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ನಮ್ಮ ದೇಶದಲ್ಲಿ ಕೇಸ್. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲೇ ಕೆನಡಾದ ಮಹಿಳೆಯೊಬ್ಬರು ಇದಕ್ಕೆ ಸಿಕ್ಕಿಬಿದ್ದರು. ಅವರು ಓಟಗಾರ್ತಿ, ಪಾಪ.

ಹಳೇ ಬೋಸನ್
ಎಲ್ಲ ಸರಿ. ಆದರೆ ಆ ಗಂಡನ ಮಾತು ನನಗೆ ನಿನ್ನೆಯಿಂದ ಕೊರೀತಿದೆ. ಎಂಜಿನ್ ನಂದು, ಅಡುಗೆ ಅವಳದು. ತಮ್ಮಾ, ಮನೆಯಲ್ಲಿ ಅದು ನಡೆಯುತ್ತೆ. ದೋಣಿಯಲ್ಲಿ ಇಬ್ಬರೇ ಅಂದರೆ ದಿನದ ಅರ್ಧ ಹೊತ್ತು ಒಬ್ಬರೇ. ಇನ್ನೊಬ್ಬರು ಮಲಗಿರ್ತಾರೆ. ಜ್ವರ ಬಂದರೆ, ಕೈ ಮುರಿದರೆ, ಪೂರ್ತಿ ಒಬ್ಬರೇ.

ತಂಗಿ, ನಿನಗೊಂದು ನೇರ ಪ್ರಶ್ನೆ. ರಾತ್ರಿ ಎರಡು ಗಂಟೆ, 25 ನಾಟ್ ಗಾಳಿ, ಅಂದರೆ ಗಂಟೆಗೆ 25 ನಾಟಿಕಲ್ ಮೈಲಿ, ಅವನು ಎಚ್ಚರ ಇಲ್ಲ. ದೊಡ್ಡ ಹಾಯಿಯನ್ನ ನೀನೊಬ್ಬಳೇ ಸಣ್ಣ ಮಾಡಬಲ್ಲೆಯಾ? ಅವನು ನೀರಿಗೆ ಬಿದ್ದರೆ ದೋಣಿ ತಿರುಗಿಸಿ ಅವನ ಪಕ್ಕಕ್ಕೆ ತರಬಲ್ಲೆಯಾ?

ಒಂದು ಕೆಲಸ ಮಾಡಿ. ಭಾನುವಾರ ಅಗ್ವಾದ ಹೊರಗೆ ಹೋಗಿ. ಸಿಪ್ಪೆ ಸಮೇತ ಒಂದು ತೆಂಗಿನಕಾಯಿ ನೀರಿಗೆ ಎಸೆಯಿರಿ. ಗಾತ್ರದಲ್ಲಿ ಅದು ಮನುಷ್ಯನ ತಲೆ ಇದ್ದ ಹಾಗೇ. ಅವನು ಬಾಯಿ ಮುಚ್ಚಿಕೊಂಡು ಕೆಳಗೆ ಕೂರಲಿ. ನೀನು ತೆಗೆದುಕೊಂಡು ಬಾ. ಗಡಿಯಾರ ನೋಡಿ ಇಲ್ಲಿ ಬರಿ.

ಇವರು
ಸರ್, ದೊಡ್ಡವರು ಅಂತ ಗೌರವ ಇದೆ. ಆದರೆ ನಾಲ್ಕು ವರ್ಷ ಜೊತೆಗೇ ಓಡಾಡಿದ್ದೇವೆ, ಇವಳಿಗೆ ಎಲ್ಲ ಗೊತ್ತು.

ಮಲಪ್ರಭಾ ದೋಣಿ
ಗೊತ್ತಿಲ್ಲ. ನೋಡಿ ಗೊತ್ತು, ಮಾಡಿ ಗೊತ್ತಿಲ್ಲ. ಭಾನುವಾರ ಹೋಗ್ತೇವೆ ಕಾಕಾ.

ಕಾರವಾರ ಕಡೆಯವ
ನಿದ್ದೆ ಬಗ್ಗೆ ಯಾರೂ ಹೇಳಲಿಲ್ಲ. ರಾತ್ರಿ ಮೂರು ಗಂಟೆ ನೀವು, ಮೂರು ಗಂಟೆ ಅವರು. ಹಗಲು ಸ್ವಲ್ಪ ಸಡಿಲ. ಪಹರೆಯಲ್ಲಿರುವವರು ಅಡುಗೆಮನೆಯ ಟೈಮರ್ ಹದಿನೈದು ನಿಮಿಷಕ್ಕೆ ಇಟ್ಟುಕೊಳ್ಳಲಿ. ಯಾಕೆ ಹದಿನೈದು ಅಂದರೆ, ಎದುರಿನ ಹಡಗು 20 ನಾಟ್, ನೀವು 5, ಒಟ್ಟು 25. ಅದರ ದೀಪ ಎಂಟು ಮೈಲಿ ದೂರದಲ್ಲಿ ಕಂಡಿತು ಅಂದುಕೊಳ್ಳಿ, ಹತ್ತೊಂಬತ್ತು ನಿಮಿಷಕ್ಕೆ ನಿಮ್ಮ ಮೇಲಿರುತ್ತೆ. ಲಕ್ಷದ್ವೀಪದ ಮಿನಿಕಾಯ್ ಮೇಲಿನ ಒಂಬತ್ತು ಡಿಗ್ರಿ ಚಾನೆಲ್, ಕೆಳಗಿನ ಎಂಟು ಡಿಗ್ರಿ ಚಾನೆಲ್, ಎರಡನ್ನೂ ನೀವು ಅಡ್ಡ ದಾಟಬೇಕು. ಗಲ್ಫ್, ಸೂಯೆಜ್ ಕಡೆಯಿಂದ ಶ್ರೀಲಂಕಾಕ್ಕೆ ಹೋಗೋ ದೊಡ್ಡ ಹಡಗುಗಳ ಹೆದ್ದಾರಿ ಅದು. ಎಐಎಸ್, ಅಂದರೆ ಹಡಗುಗಳು ತಮ್ಮ ಜಾಗವನ್ನ ರೇಡಿಯೋದಲ್ಲಿ ಒಂದಕ್ಕೊಂದು ತಿಳಿಸೋ ಯಂತ್ರ, ಇರಲಿ, ಬರೀ ಕೇಳೋದಲ್ಲ, ನಿಮ್ಮನ್ನ ತೋರಿಸೋದೂ ಇರಲಿ. ಆದರೆ ಗೋವಾ ಬಿಟ್ಟ ಮೊದಲ ಮೂವತ್ತು ಮೈಲಿ ಎಐಎಸ್ ನಂಬಬೇಡಿ, ನಮ್ಮ ಮೀನುದೋಣಿಗಳಲ್ಲಿ ಎಷ್ಟೋ ಜನ ದೀಪವನ್ನೂ ಹಚ್ಚಲ್ಲ. ಬೆಳಗ್ಗೆ ಇಳಿತದಲ್ಲಿ ಹೊರಡಿ, ಕತ್ತಲಾಗೋದರೊಳಗೆ ಬಲೆಗಳನ್ನ ದಾಟಿರಬೇಕು.

ಮಲಪ್ರಭಾ ದೋಣಿ
ಭಾನುವಾರದ ವರದಿ. ಉದ್ದ ಇದೆ, ಬೇಜಾರಾಗಬೇಡಿ.

ಅಗ್ವಾದದಿಂದ ನಾಲ್ಕು ಮೈಲಿ ಹೊರಗೆ ಇವರು ಕಾಯಿ ಎಸೆದರು, ಎಸೆದು ಕೆಳಗೆ ಹೋಗಿ ಕೂತರು. ಗಾಳಿ ಹನ್ನೆರಡು ನಾಟ್ ಅಷ್ಟೇ, ಬಿಸಿಲು. ನಾನು ಮೊದಲು ಮಾಡಿದ್ದೇ ತಪ್ಪು: ಜಿಪಿಎಸ್ ಗುಂಡಿ ಒತ್ತೋಕೆ ಅಂತ ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಕಾಯಿ ಇಲ್ಲ. ಒಂದೇ ನಿಮಿಷ. ನಡುಹಗಲಲ್ಲಿ. ಅಲೆಯ ತುದಿಗೆ ಬಂದಾಗ ಒಮ್ಮೆ ಕಾಣುತ್ತೆ, ಮತ್ತೆ ಇಲ್ಲ. ದೋಣಿ ತಿರುಗಿಸಿದೆ, ಮುಂದಿನ ಹಾಯಿ ಪಟಪಟ ಹೊಡೀತಿದೆ, ಎಂಜಿನ್ ಹಾಕಿದೆ, ಗೇರ್ ಹಾಕೋ ಮೊದಲು ಹಗ್ಗ ನೀರಲ್ಲಿದೆಯಾ ಅಂತ ನೋಡಬೇಕಿತ್ತು, ನೋಡಲಿಲ್ಲ, ಪುಣ್ಯಕ್ಕೆ ಇರಲಿಲ್ಲ. ಮೂರು ಸಲ ಪಕ್ಕದಲ್ಲೇ ಹಾದು ಹೋದೆ. ಬಕೆಟ್‌ಗೆ ಸಿಕ್ಕಾಗ ಹದಿನಾಲ್ಕು ನಿಮಿಷ ಆಗಿತ್ತು. ಕೆಳಗಿನಿಂದ ಇವರು ಒಂದು ಮಾತೂ ಆಡಲಿಲ್ಲ. ಮೇಲೆ ಬಂದಾಗ ಮುಖ ಬಿಳುಚಿಕೊಂಡಿತ್ತು.

ಆಮೇಲೆ ಇನ್ನೊಂದು ಹೊಳೀತು. ಕಾಯಿಯನ್ನ ಬಕೆಟ್‌ನಲ್ಲಿ ಎತ್ತಿದೆ, 78 ಕೆಜಿ ಗಂಡನನ್ನ ಹೇಗೆ ಎತ್ತಲಿ? ದೊಡ್ಡ ಹಾಯಿಯ ಕೆಳಗಿನ ಅಡ್ಡಕಂಬ ಬೂಮ್‌ಗೆ ಕಪ್ಪಿ ಕಟ್ಟಿ, ಲೈಫ್‌ಜಾಕೆಟ್ ಹಾಕಿ ಇವರನ್ನ ಡೆಕ್ ಮೇಲಿಂದಲೇ ಎತ್ತಿ ನೋಡಿದೆ. ಎರಡು ಸುತ್ತಿನ ಕಪ್ಪಿಯಲ್ಲಿ ಆಗಲೇ ಇಲ್ಲ. ಆರು ಸುತ್ತಿನದು ತರಿಸಿದ್ದೇವೆ.

ಈಗ ಇವರ ಸರದಿ. ನಾನು ಮಾತಾಡಲ್ಲ, ನನಗೆ ಹುಷಾರಿಲ್ಲ ಅಂದುಕೊಳ್ಳಿ ಅಂದೆ. ರೇಡಿಯೋದಲ್ಲಿ ಮೇಡೇ, ಅಂದರೆ ಅಪಾಯದ ಕರೆ, ಹೇಗೆ ಕರೀತೀರಿ, ಮೈಕ್ ಒತ್ತದೇ ಹೇಳಿ ಅಂದರೆ ಜಾಗದ ಅಂಕಿ ಮೊದಲೋ ದೋಣಿ ಹೆಸರು ಮೊದಲೋ ಅಂತ ತಡವರಿಸಿದರು. ಆಂಟಿಬಯಾಟಿಕ್ ಎಲ್ಲಿ? ಗೊತ್ತಿಲ್ಲ. ಗ್ಯಾಸ್ ಬಂದ್ ಮಾಡೋ ಕೀಲಿ? ಹುಡುಕಿದರು. ಕಡ್ಡಿಪೆಟ್ಟಿಗೆ? ಅದೂ ಇಲ್ಲ. ಸ್ವಂತ ದೋಣಿಯಲ್ಲಿ ನೆಂಟರ ಥರ ನಿಂತಿದ್ದರು.

ಖಾನಾಪುರ ಕಾಡು
ಕಡ್ಡಿಪೆಟ್ಟಿಗೆ ನಮ್ಮ ಮನೆಯಲ್ಲೂ ನನಗೆ ಗೊತ್ತಿಲ್ಲ. ಹೆಂಡತಿಗೆ ಈ ಥ್ರೆಡ್ ತೋರಿಸಬೇಡಿ.

ಇವರು
ಒಪ್ಪಿಕೊಳ್ತೇನೆ. ಕೆಳಗೆ ಕೂತಿದ್ದಾಗ ಆ ಹದಿನಾಲ್ಕು ನಿಮಿಷ ನನಗೆ ಏನೇನೋ ಅನ್ನಿಸಿತು, ಬರೆಯೋಕೆ ಬರಲ್ಲ.

ಮತ್ತೆ ಚೈನ್‌ಪ್ಲೇಟ್. ಸೋಮವಾರ ಬಿಚ್ಚಿದೆ. ವರದಿಯಲ್ಲಿ "ನೋಡಿದೆ" ಅಂತಲೇ ಇತ್ತು. ಆರರಲ್ಲಿ ನಾಲ್ಕು ಚೆನ್ನಾಗಿವೆ. ಎಡಬದಿಯ ನಡುವಿನದರಲ್ಲಿ ಡೆಕ್ ದಾಟುವ ಕಡೆ ಹಳ್ಳ ಬಿದ್ದಿತ್ತು. ವಾಸ್ಕೋದಲ್ಲಿ ಪರಿಚಯದ ವರ್ಕ್‌ಶಾಪ್‌ನಲ್ಲಿ ಕೆಂಪು ಬಣ್ಣದ ಡೈ ಹಾಕಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರು. ಬೋಲ್ಟ್ ತೂತಿನಿಂದ ಅಂಚಿನ ತನಕ ಕೆಂಪು ಗೆರೆ ಎದ್ದು ಬಂತು. ಕೂದಲಿನಷ್ಟು ತೆಳ್ಳಗೆ. ಅದರ ಪಕ್ಕದ್ದರಲ್ಲೂ ಗೆರೆ ಶುರುವಾಗಿತ್ತು. ಇಡೀ ಮಾಸ್ಟ್ ಅದರ ಮೇಲೆ ನಿಂತಿತ್ತು. ಆರೂ ಹೊಸದು, 316 ದರ್ಜೆಯ ಸ್ಟೇನ್‌ಲೆಸ್ ಪ್ಲೇಟ್‌ನಲ್ಲಿ ಮಾಡಿಸ್ತಿದ್ದೇನೆ, ತಂತಿಯೂ ಹೊಸದು. ರಿಗ್ಗಿಂಗ್ ಹುಚ್ಚರೇ, ನಿಮ್ಮ ಋಣ ಇದೆ.

ರಿಗ್ಗಿಂಗ್ ಹುಚ್ಚ
ಆ ಹಳೇ ಪ್ಲೇಟ್ ಎಸೆಯಬೇಡಿ, ಫೋಟೋ ಹಾಕಿ. ನೋಡಿದವರು ನಾಲ್ಕು ಜನ ತಮ್ಮದನ್ನೂ ಬಿಚ್ಚಲಿ. ಮತ್ತೆ ಡೀಸೆಲ್ ಟ್ಯಾಂಕ್ ತಳ ತೊಳೆಸಿ. ನದಿಯಲ್ಲಿ ಸುಮ್ನೆ ಕೂತ ಕಸ ದೊಡ್ಡ ಅಲೆಯಲ್ಲಿ ಕದಡಿ ಫಿಲ್ಟರ್‌ಗೆ ಬರುತ್ತೆ. ಎಂಜಿನ್ ನಿಲ್ಲೋದು ಯಾವಾಗಲೂ ಬೇಕಾದಾಗಲೇ.

ಹಳೇ ಬೋಸನ್
ನಿಮ್ಮ ಪಕ್ಕದಲ್ಲೇ ವೆರೆಂನಲ್ಲಿ ತಾರಿಣಿ ನಿಲ್ಲುತ್ತಲ್ಲ, ನೋಡಿರ್ತೀರಿ. 56 ಅಡಿ, ದಿವಾಡ್ ದ್ವೀಪದಲ್ಲೇ ಕಟ್ಟಿದ್ದು. 2024ರ ಅಕ್ಟೋಬರ್ 2ಕ್ಕೆ ನೌಕಾಪಡೆಯ ಇಬ್ಬರು ಹೆಣ್ಣುಮಕ್ಕಳು, ಇಬ್ಬರೇ, ಅದರಲ್ಲಿ ಹೊರಟು ಭೂಮಿ ಸುತ್ತಿ 2025ರ ಮೇ 29ಕ್ಕೆ ಗೋವಾಕ್ಕೇ ವಾಪಸ್ ಬಂದರು. ಅಷ್ಟು ದೂರ ಇಬ್ಬರೇ ಹೋಗೋಕೆ, ಒಬ್ಬಳು ಮಲಗಿದಾಗ ಇನ್ನೊಬ್ಬಳಿಗೆ ಪೂರ್ತಿ ದೋಣಿ ಬರಬೇಕು. ಎಂಜಿನ್ ನಂದು, ಅಡುಗೆ ನಿಂದು ಅಂತ ಹಂಚಿಕೊಂಡು ಕೂರೋಕೆ ಆಗಲ್ಲ.

ಇನ್ನೊಂದು ಪರೀಕ್ಷೆ ಇದೆ ತಂಗಿ. ಒಂದು ಇಡೀ ರಾತ್ರಿ.

ಮಲಪ್ರಭಾ ದೋಣಿ
ಹೊರಡೋದು ಫೆಬ್ರವರಿ ನಡುವಿಗೆ ಹೋಯ್ತು. ಮೇ ತನಕ ಹೇಗೂ ಮಾಲ್ಡೀವ್ಸ್‌ನಲ್ಲಿ ಕಾಯಬೇಕು, ಅವಸರ ಯಾಕೆ. ದೋಣಿಯ ತಳ ಕೆರೆದು ಬಣ್ಣ ಹೊಡೆಯೋದನ್ನೂ ಕೊನೆಗೆ ಇಟ್ಟಿದ್ದೇವೆ, ಮಾಂಡೋವಿಯಲ್ಲಿ ಚಿಪ್ಪು ಹತ್ತೋ ಸ್ಪೀಡ್ ನೋಡಿದರೆ ಈಗ ಹೊಡೆದು ಪ್ರಯೋಜನ ಇಲ್ಲ. ಈಪರ್ಬ್ ನಿಜವಾಗಲೂ ಹಳೇ ಮಾಲೀಕರ ಹೆಸರಲ್ಲೇ ಇತ್ತು, ಅರ್ಜಿ ಹಾಕಿದ್ದೇವೆ. ರೊಟ್ಟಿ ಇನ್ನೂರು, ನಮ್ಮ ಅತ್ತೆ ಹಾವೇರಿಯಲ್ಲಿ ಬಡೀತಿದ್ದಾರೆ. ಎಲ್ಲಿಗೆ ಅಂತ ಅವರಿಗೆ ಹೇಳಿಲ್ಲ, ಲಕ್ಷದ್ವೀಪದ ಕಡೆ ಅಂದಿದ್ದೇವೆ, ಅದೂ ಸುಳ್ಳಲ್ಲ. ಒಂದು ನಿಯಮ ಬರೆದು ಮೆಟ್ಟಿಲ ಮೇಲೆ ಅಂಟಿಸಿದ್ದೇನೆ: ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಸುರಕ್ಷತಾ ಪಟ್ಟಿಯನ್ನ ದೋಣಿಗೆ ಸಿಕ್ಕಿಸದೇ ಕಾಕ್‌ಪಿಟ್ ಬಿಟ್ಟು ಮುಂದೆ ಹೋಗಬಾರದು. ಮೂತ್ರಕ್ಕೂ ಹೋಗಬಾರದು, ಬಕೆಟ್ ಇದೆ.

ಮಲಪ್ರಭಾ ದೋಣಿ
ಕಾಕಾ, ಆಯ್ತು. ಶನಿವಾರ ಸಂಜೆ ಆರಕ್ಕೆ ಹೊರಟು ನಲವತ್ತು ಮೈಲಿ ಹೊರಗೆ ಹೋಗಿ ಬಂದೆವು. ಹೊಸ ತಂತಿ, ಹೊಸ ಪ್ಲೇಟ್. ಇವರು ಹತ್ತಕ್ಕೆ ಮಲಗಿದರು, ನಾನು ಕರೆಯದೇ ಏಳಬಾರದು ಅಂತ ಮಾತಾಗಿತ್ತು. ಒಂದೂವರೆಗೆ ಗಾಳಿ ಹದಿನೆಂಟಕ್ಕೆ ಬಂತು, ದೋಣಿ ವಾಲಿತು, ಒಳಗೆ ಪಾತ್ರೆ ಬಿದ್ದ ಸದ್ದು. ಕೈ ನಡುಗ್ತಿತ್ತು. ಪಟ್ಟಿ ಸಿಕ್ಕಿಸಿ ಮಾಸ್ಟ್ ಹತ್ತಿರ ಹೋಗಿ, ಹಾಯಿ ಒಂದು ಮಡಿಕೆ ಇಳಿಸಿ ಕಟ್ಟಿ ಬಂದೆ. ಹನ್ನೊಂದು ನಿಮಿಷ. ದೋಣಿ ನೆಟ್ಟಗಾಯ್ತು. ಕೆಳಗೆ ಬಗ್ಗಿ ನೋಡಿದರೆ ಗೊರಕೆ.

ಬೆಳಗ್ಗೆ ಎದ್ದು ಮೇಲೆ ಬಂದವರು ಹಾಯಿ ನೋಡಿದರು, ನನ್ನ ನೋಡಿದರು, ಏನೂ ಕೇಳದೆ ಕೆಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಕಡ್ಡಿಪೆಟ್ಟಿಗೆ ಹುಡುಕಲಿಲ್ಲ.